ತಂದೆಯನ್ನು ನೋಡದೆ ಬರೆದ ಪತ್ರ

ಬೆಂಗಳೂರಿನಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಆರಂಭಿಸಿದ ಮೂರನೆಯ ವರ್ಷದಲ್ಲಿ ನಾನು ಒಂದು ಪತ್ರ ಬರೆದುಕೊಟ್ಟೆ. ಎಂಟು ವರ್ಷದ ಮಗಳು ರಾತ್ರಿ ಬೆಚ್ಚಿಬೀಳುತ್ತಾಳೆ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾಳೆ ಎಂದು ತಾಯಿ ಕರೆತಂದಿದ್ದರು, ಐದಾರು ಭೇಟಿಗಳಾಗಿದ್ದವು. "ಏನಾದರೂ ಬರೆದುಕೊಡಿ ಮೇಡಂ, ಶಾಲೆಯವರಿಗೆ ತೋರಿಸಬೇಕು" ಎಂದು ಅವರು ಕೇಳಿದಾಗ, ಮಗುವಿಗೆ ತೀವ್ರ ಆತಂಕವಿದೆ, ತಂದೆಯ ಭೇಟಿಗಳಿಂದ ಅದು ಹೆಚ್ಚುತ್ತಿದೆ, ಸದ್ಯಕ್ಕೆ ಆ ಭೇಟಿಗಳನ್ನು ನಿಲ್ಲಿಸುವುದು ಒಳಿತು ಎಂದು ಮೂರು ಸಾಲು ಬರೆದು ಸಹಿ ಹಾಕಿದೆ. ಕೆಲವು ತಿಂಗಳಲ್ಲಿ ಆ ಹಾಳೆ ಕೌಟುಂಬಿಕ ನ್ಯಾಯಾಲಯದ ಕಡತ ಸೇರಿತು. ಅದರ ಬೆನ್ನಿಗೇ ನನಗೆ ಸಮನ್ಸ್ ಬಂತು.

ಪಾಟೀಸವಾಲು ಹತ್ತು ನಿಮಿಷವೂ ನಡೆಯಲಿಲ್ಲ. "ಈ ಮಗುವಿನ ತಂದೆಯನ್ನು ನೀವು ಎಷ್ಟು ಸಲ ಭೇಟಿ ಮಾಡಿದ್ದೀರಿ?" ಎಂದು ತಂದೆಯ ಪರ ವಕೀಲರು ಕೇಳಿದರು. ಒಮ್ಮೆಯೂ ಇಲ್ಲ ಎಂದೆ. "ತಂದೆ, ಮಗಳು ಇಬ್ಬರೂ ಒಟ್ಟಿಗಿರುವುದನ್ನು ನೋಡಿದ್ದೀರಾ?" ಅದೂ ಇಲ್ಲ. ಅವರು ದನಿ ಏರಿಸಲಿಲ್ಲ, ಏರಿಸುವ ಅಗತ್ಯವೂ ಇರಲಿಲ್ಲ.

ಪತ್ರದ ಮೊದಲ ಸಾಲಿನ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ, ಮಗುವಿನ ಆತಂಕ ನಿಜವಾಗಿತ್ತು. ತಪ್ಪಿದ್ದು ಉಳಿದೆರಡು ಸಾಲುಗಳಲ್ಲಿ. ಆತಂಕದ ಕಾರಣವನ್ನು ನಾನು ಒಬ್ಬರ ಬಾಯಿಂದ ಮಾತ್ರ ಕೇಳಿದ್ದೆ, ಪರಿಹಾರವನ್ನು ಸೂಚಿಸುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಮಗುವಿಗೆ ಚಿಕಿತ್ಸೆ ನೀಡುವವರು ಅದರ ಪಕ್ಕದಲ್ಲಿ ನಿಲ್ಲಬೇಕು. ಮಗು ಯಾರ ಬಳಿ ಇರಬೇಕೆಂದು ನ್ಯಾಯಾಲಯಕ್ಕೆ ಅಭಿಪ್ರಾಯ ಕೊಡುವವರು ಎರಡೂ ಮನೆಗಳಿಂದ ಸಮದೂರದಲ್ಲಿರಬೇಕು. ಈ ಎರಡು ಕೆಲಸಗಳನ್ನು ಒಬ್ಬರೇ ಮಾಡಲಾಗದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಮು ಇಂತಹ ಪ್ರಕರಣಗಳಲ್ಲಿ ತಜ್ಞರ ನೆರವು ಪಡೆಯಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ಆದರೆ ಆ ನೆರವನ್ನು ಕೇಳುವುದು ನ್ಯಾಯಾಲಯ. ನನ್ನನ್ನು ಕೇಳಿದ್ದು ಒಬ್ಬ ತಾಯಿ.

ಹೆಚ್ಚು ನಾಚಿಕೆಯಾದದ್ದು ಕಟಕಟೆಯಲ್ಲಲ್ಲ, ಅದರ ಹಿಂದಿನ ರಾತ್ರಿ ನನ್ನದೇ ಟಿಪ್ಪಣಿಗಳನ್ನು ತಿರುವಿಹಾಕುವಾಗ. ಮೂರನೆಯ ಭೇಟಿಯಲ್ಲಿ ಹುಡುಗಿ ಒಂದು ಸಂಗತಿ ಹೇಳಿದ್ದಳು. ಭಾನುವಾರ ಸಂಜೆ ತಾಯಿಯ ವಶಕ್ಕೆ ಮರಳುವ ಮುನ್ನ, ಮಾಲ್‌ನ ಶೌಚಾಲಯದಲ್ಲಿ ಅಪ್ಪ ಕೊಡಿಸಿದ ಫ್ರಾಕ್ ಬಿಚ್ಚಿ, ಬೆಳಿಗ್ಗೆ ಹಾಕಿಕೊಂಡು ಬಂದಿದ್ದ ಬಟ್ಟೆಯನ್ನೇ ತೊಡುತ್ತಿದ್ದಳಂತೆ. ಅದರ ಪಕ್ಕದಲ್ಲಿ ನಾನು "ತಂದೆ ಕೊಟ್ಟ ಬಟ್ಟೆ ಇಷ್ಟವಿಲ್ಲ" ಎಂದು ಬರೆದುಕೊಂಡಿದ್ದೆ. ಮುಂದಿನ ಸಾಲಿನಲ್ಲಿಯೇ, ಅವಳು ಆ ಫ್ರಾಕನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿ ಪುಸ್ತಕಗಳ ಕೆಳಗೆ ಇಡುತ್ತಾಳೆ ಎಂದೂ ಇತ್ತು. ಇಷ್ಟವಿಲ್ಲದ ಬಟ್ಟೆಯನ್ನು ಯಾವ ಮಗು ಅಷ್ಟು ಜೋಪಾನವಾಗಿ ಮಡಚುತ್ತದೆ? ಫ್ರಾಕ್ ಕಂಡರೆ ಅಮ್ಮನ ಮುಖ ಸಪ್ಪಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳನ್ನು ಹಣ್ಣುಮಾಡುತ್ತಿದ್ದುದು ಅಪ್ಪನ ಮನೆಯೂ ಅಲ್ಲ, ಅಮ್ಮನ ಮನೆಯೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವ ಆ ಅರ್ಧ ಗಂಟೆ ಎಂಬುದು ಹಾಳೆಯ ಮೇಲೆಯೇ ಇತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಾನು ಕಂಡ ಕೂಸುಗಳು ಬಡವಾಗುವುದಕ್ಕಿಂತ ಮೊದಲು ವಯಸ್ಸಿಗೆ ಮೀರಿ ಜಾಣವಾಗಿರುತ್ತವೆ.

ಹಾಗೆಂದು, ತಂದೆಯನ್ನೋ ತಾಯಿಯನ್ನೋ ಬೇಡವೆನ್ನುವ ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂಬ ತೀರ್ಮಾನಕ್ಕೆ ಹಾರುವುದೂ ಅಷ್ಟೇ ಅಪಾಯಕಾರಿ. 1980ರ ದಶಕದಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್‌ನರ್ ಹೀಗೆ ಹೇಳಿಕೊಟ್ಟು ಹುಟ್ಟಿಸಿದ ನಿರಾಕರಣೆಗೆ 'ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್' ಎಂದು ಹೆಸರಿಟ್ಟರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಆ ಪರಿಕಲ್ಪನೆಯನ್ನು ಚರ್ಚಿಸಿದೆ. ಆದರೆ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯಲ್ಲಿ ಅದಕ್ಕೆ ಕಾಯಿಲೆಯ ಸ್ಥಾನ ಸಿಗಲಿಲ್ಲ. ಹೊಡೆತ ಕಂಡ ಮಗು ಹೆದರುವುದು ಸಹಜ. "ಅಪ್ಪ ಮೆಂಟೆನೆನ್ಸ್ ಕಟ್ಟಿಲ್ಲ" ಎಂದು ಏಳು ವರ್ಷದವನು ಹೇಳಿದರೆ, ಜೀವನಾಂಶಕ್ಕೆ ಬಳಸುವ ಆ ಪದ ದೊಡ್ಡವರದು ಎಂದು ಹೇಳಬಹುದು. ಅವನ ಭಯವೂ ದೊಡ್ಡವರದೇ ಎಂದು ಅಷ್ಟರಿಂದಲೇ ಹೇಳಲಾಗದು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯು ವಿವೇಚನೆಯಿಂದ ಆಯ್ಕೆ ಮಾಡುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು ಎನ್ನುತ್ತದೆಯೇ ಹೊರತು ಅದಕ್ಕೆ ಇಂತಿಷ್ಟೇ ವಯಸ್ಸೆಂದು ಗೆರೆ ಎಳೆಯುವುದಿಲ್ಲ. ಆ ಗೆರೆಯನ್ನು ಪ್ರತಿ ಮಗುವಿನ ಎದುರು ಕುಳಿತೇ ಹುಡುಕಬೇಕು.

ಈಗ ನ್ಯಾಯಾಲಯವೇ ಕೇಳಿ ನಾನು ಮೌಲ್ಯಮಾಪನ ಮಾಡುವಾಗ ಮಗುವನ್ನು ಒಂದು ದಿನ ತಾಯಿ, ಇನ್ನೊಂದು ದಿನ ತಂದೆ ಕರೆತರಬೇಕೆಂದು ಹಟ ಹಿಡಿಯುತ್ತೇನೆ, ಹಿಂಸೆಯ ಆರೋಪವಿದ್ದರೆ ಮಾತ್ರ ಏರ್ಪಾಡು ಬೇರೆ. ಯಾರೊಂದಿಗೆ ಬಂದಿತೋ ಅವರ ಕಿವಿ ಹೊರಗಿನ ಬೆಂಚಿನ ಮೇಲಿದೆ ಎಂದು ಮಗುವಿಗೆ ತಿಳಿದಿರುತ್ತದೆ. ಅದೇ ಪ್ರಶ್ನೆಗೆ ಎರಡು ದಿನ ಎರಡು ಉತ್ತರ ಬಂದರೆ, ಸುಳ್ಳು ಯಾವುದು ಎಂದು ಹುಡುಕದೆ ಆ ಅಂತರವನ್ನೇ ವರದಿಯಲ್ಲಿ ಬರೆಯುತ್ತೇನೆ. ಚಿಕಿತ್ಸೆಗೆ ಬರುವ ಮಕ್ಕಳ ಪೋಷಕರಿಗಾದರೆ, ಸುಪರ್ದಿಯ ಬಗ್ಗೆ ನನ್ನಿಂದ ಯಾವ ಪತ್ರವೂ ಸಿಗುವುದಿಲ್ಲವೆಂದು ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸುತ್ತೇನೆ. ಕೆಲವರು ಅದನ್ನು ಓದಿ ಎದ್ದುಹೋಗುತ್ತಾರೆ.

ಆ ಹುಡುಗಿ ಮತ್ತೆ ನನ್ನ ಬಳಿಗೆ ಬರಲಿಲ್ಲ. ತಂದೆಯ ಕಣ್ಣಿಗೆ ನಾನು ತಾಯಿಯ ಕಡೆಯವಳು, ತಾಯಿಯ ಕಣ್ಣಿಗೆ ಪ್ರಕರಣ ಕೆಡಿಸಿದವಳು. ಫ್ರಾಕಿನ ಸಂಗತಿಯನ್ನು ಅವಳು ಹೇಳಿಕೊಂಡಿದ್ದ ಒಂದೇ ಕೋಣೆಯೂ ಅವಳಿಗೆ ಇಲ್ಲವಾಯಿತು. ಅವಳು ಕೊನೆಯ ಭೇಟಿಯಲ್ಲಿ ಅರ್ಧ ಬಿಡಿಸಿಟ್ಟುಹೋದ ಚಿತ್ರ ನನ್ನ ಕಪಾಟಿನಲ್ಲಿದೆ. ಎರಡು ಮನೆ, ನಡುವೆ ಒಂದು ರಸ್ತೆ, ಬಣ್ಣ ತುಂಬಿಲ್ಲ.