ಉಪ್ಪುಸಾರು, ಅವರೆಕಾಯಿ ಮತ್ತು ಸುಮ್ನೆ ಸುತ್ತಿದ ಬೆಂಗಳೂರು

ಬೆಂಗಳೂರಿಗೆ ಹೋಗೋದಾದ್ರೆ ಜನವರಿಯಲ್ಲಿ ಹೋಗಿ. ಬೆಳಿಗ್ಗೆ ಸಣ್ಣಗೆ ಚಳಿ, ಮಧ್ಯಾಹ್ನ ಹಿತವಾದ ಬಿಸಿಲು, ಬೀದಿ ಬೀದಿಯಲ್ಲಿ ಅವರೆಕಾಯಿ ರಾಶಿ. ಸಾಧ್ಯವಾದರೆ ಹೋಟೆಲ್ ರೂಮು ಬಿಟ್ಟು ಯಾರದಾದರೂ ಮನೆಯಲ್ಲಿ ಉಳಿಯಿರಿ. ನನಗೆ ಆ ಅದೃಷ್ಟ ಇದೆ. ಅಣ್ಣನ ಮನೆ ಹನುಮಂತನಗರದಲ್ಲಿ, ಅತ್ತಿಗೆ ಮಾಗಡಿ ಕಡೆಯ ಹಳ್ಳಿಯವರು. ತೀರ್ಥಹಳ್ಳಿ ಕಡೆ ಅನ್ನ, ಗಂಜಿ, ಕಾಯಿ ಅರೆದ ಸಾರು ಉಂಡು ಬೆಳೆದ ನನಗೆ ಬಯಲುಸೀಮೆಯ ಊಟದ ರುಚಿ ಹತ್ತಿಸಿದ್ದೇ ಅವರು.

ಈ ಸಲ ಬೆಳಿಗ್ಗೆ ಕಾಫಿ ಮುಗಿದ ಕೂಡಲೇ, "ಬಾ, ಮಾರ್ಕೆಟ್ಟಿಗೆ ಹೋಗಿಬರೋಣ. ತಿಂಡಿ ಆಮೇಲೆ ನೋಡ್ಕೊಂಡ್ರಾಯ್ತು" ಅಂತ ಹೊರಡಿಸಿದರು. ಬಿಎಂಟಿಸಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರ್ ಎರಡು ಶೂನ್ಯ ದರದ ಟಿಕೆಟ್ ಹರಿದುಕೊಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅತ್ತಿಗೆ ಸೊಪ್ಪಿಗೂ ಕೆ.ಆರ್. ಮಾರ್ಕೆಟ್ಟಿಗೇ ಹೋಗುತ್ತಾರಂತೆ. ಬಸ್ಸಿನ ದುಡ್ಡಿನ ಲೆಕ್ಕ ಇಲ್ಲದೆ ಹೆಂಗಸರು ಊರು ಸುತ್ತೋದು ನೋಡಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಮಾರ್ಕೆಟ್ ಒಳಗೆ ಹೂವಿನ ರಾಶಿಗಳ ನಡುವೆ ನಿಲ್ಲೋದಕ್ಕೇ ಜಾಗ ಇರಲಿಲ್ಲ. ಸೇವಂತಿಗೆ, ಕನಕಾಂಬರ, ಚೆಂಡುಹೂವು, ಅದರ ಮಧ್ಯೆ ತಲೆ ಮೇಲೆ ಮೂಟೆ ಹೊತ್ತು "ಸೈಡು, ಸೈಡು" ಅಂತ ಬರುವವರು. ಇದೇ ಸುತ್ತಮುತ್ತ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಊರಿನ ಮೊದಲ ಬೀದಿದೀಪಗಳು ಹೊತ್ತಿದ್ದು. ಹೊರಗೆ ಅವರೆಕಾಯಿ ಮಾರುತ್ತಿದ್ದ ಅಜ್ಜಿಯ ಮುಂದೆ ಅತ್ತಿಗೆ ಕುಕ್ಕರುಗಾಲಲ್ಲಿ ಕೂತು ಒಂದು ಕಾಯಿ ಸುಲಿದರು, ಸಿಪ್ಪೆಯನ್ನು ಮೂಗಿಗೆ ಹಿಡಿದರು. "ಸೊಗಡು ಐತಾ ನೋಡು" ಅಂತ ನನಗೂ ಕೊಟ್ಟರು. ಸಿಪ್ಪೆ ಬೆರಳಿಗೆ ಜಿಗಟಾಗಿ ಅಂಟುತ್ತಿತ್ತು, ವಾಸನೆ ಕೈ ತೊಳೆದರೂ ಹೋಗಲಿಲ್ಲ. ಹಾಗಿದ್ದರೇ ಒಳ್ಳೆ ಕಾಯಿ. ಆಮೇಲೆ ಸಬ್ಬಸಿಗೆ ಸೊಪ್ಪು, ನಾಟಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡನ್ನೂ ಬೇರೆ ಬೇರೆ ಕಟ್ಟಿಸಿದರು.

ಚೀಲ ಹಿಡಿದುಕೊಂಡೇ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ಕೈಮುಗಿದು, ಪಕ್ಕದ ಟಿಪ್ಪು ಬೇಸಿಗೆ ಅರಮನೆಗೆ ಹೋದೆವು. ಹೈದರಾಲಿ ಶುರು ಮಾಡಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬಗಳ ನಡುವೆ ತಣ್ಣಗಿತ್ತು. ಹೊರಗೆ ಅಷ್ಟೊಂದು ಹಾರ್ನ್, ಗದ್ದಲ ಇದ್ದರೂ ಅಲ್ಲಿ ಒಂದು ಗಳಿಗೆ ಕೂತರೆ ಏಳೋಕೆ ಮನಸ್ಸಾಗಲ್ಲ.

ಮನೆಗೆ ಬಂದ ಮೇಲೆ ಉಪ್ಪುಸಾರು. ಇದರಷ್ಟು ಸುಲಭದ ಅಡುಗೆ ಬೇರೆ ಇಲ್ಲ. ಅವರೆಕಾಳು ಬೇಯೋಕೆ ಇಟ್ಟು, ಅರ್ಧ ಬೆಂದಾಗ ಸಬ್ಬಸಿಗೆ ಹೆಚ್ಚಿ ಹಾಕಿ, ಉಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯೋದು. ಬಸಿದ ನೀರೇ ಸಾರು. ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಡೀ ಊಟದ ಜೀವ ಇರೋದು ಖಾರದಲ್ಲಿ. ಹುರಿದ ಒಣಮೆಣಸಿನಕಾಯಿ, ಹಸಿ ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಚೂರು ಹುಣಸೆಹಣ್ಣು, ಕಲ್ಲುಪ್ಪು. ಅತ್ತಿಗೆ ಅದನ್ನು ಮಿಕ್ಸಿಗೆ ಹಾಕಲ್ಲ, ಕಲ್ಲಿನ ಕುಟ್ಟಾಣಿಯಲ್ಲೇ ಕುಟ್ಟಿ, ಬಿಸಿ ಸಾರನ್ನೇ ಸ್ವಲ್ಪ ಚಿಮುಕಿಸಿ ಅರೆಯುತ್ತಾರೆ. ಬೆಳ್ಳುಳ್ಳಿ ಪೂರ್ತಿ ನುಣ್ಣಗಾಗದೆ ಅಲ್ಲಲ್ಲಿ ಬಾಯಿಗೆ ಸಿಗುತ್ತದೆ, ಒಣಮೆಣಸಿನಕಾಯಿಯ ಬೀಜ ಒಂದೆರಡು ಹಾಗೇ ಉಳಿದಿರುತ್ತವೆ. ಕುಟ್ಟುವಾಗಲೇ ಘಾಟಿಗೆ ಅಣ್ಣ ಹಾಲ್‌ನಲ್ಲಿ ಕೂತು ಸೀನಿದ.

ಬಿಸಿ ಮುದ್ದೆ, ಅದರ ಸುತ್ತ ತಿಳಿಸಾರು, ತಟ್ಟೆಯ ಅಂಚಿನಲ್ಲಿ ಒಂದು ಉಂಡೆ ಖಾರ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳೋದು. ಅಣ್ಣನ ಮಗಳು ಉಗುರಿನ ತುದಿಯಷ್ಟು ತಗೊಂಡಳು. ಅತ್ತಿಗೆ ಅರ್ಧ ಉಂಡೆಯನ್ನೇ ಕಲಸಿಕೊಂಡರು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಒಂದೇ ಪಾತ್ರೆಯ ಸಾರು ಒಬ್ಬೊಬ್ಬರ ತಟ್ಟೆಯಲ್ಲಿ ಒಂದೊಂದು ಬಣ್ಣ. ಅಡುಗೆ ಮಾಡಿದವರು ಉಣ್ಣುವವರ ನಾಲಿಗೆಗೆ ಇಷ್ಟು ಮರ್ಯಾದೆ ಕೊಡುವ ಊಟ ಇನ್ನೊಂದು ಇದೆಯಾ? ನನಗಂತೂ ಗೊತ್ತಿಲ್ಲ. ಬೆವರುತ್ತಾ, ಮೂಗು ಒರೆಸಿಕೊಳ್ಳುತ್ತಾ ಎರಡನೇ ಮುದ್ದೆಗೆ ಕೈ ಚಾಚಿದೆ.

ಹೊಟ್ಟೆ ಭಾರವಾದ ಮೇಲೆ ಲಾಲ್‌ಬಾಗ್. 1889ರ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ತಯಾರಿ ನಡೆದಿತ್ತು, ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನಗಿಷ್ಟ ಅಲ್ಲಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ಮೇಲೆ ಕೆಂಪೇಗೌಡರ ಗೋಪುರ. ಬಿಸಿಲಿಗೆ ಬೆಚ್ಚಗಾದ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಯಾವ ಕಡೆ ಯಾವ ಬಡಾವಣೆ ಅಂತ ಅತ್ತಿಗೆ ಬೆರಳು ತೋರಿಸಿ ಹೇಳುತ್ತಿದ್ದರೆ ಕೇಳುತ್ತಾ ಇದ್ದೆ. ಕೆರೆಯಿಂದ ಗಾಳಿ ಬರುತ್ತಿತ್ತು.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋದೆವು. ಏನೂ ಕೊಳ್ಳೋದಿರಲಿಲ್ಲ. ಸಂಪಿಗೆ ಹೂ ನೋಡಿದೆವು, ಗ್ರಂಥಿಗೆ ಅಂಗಡಿ ಮುಂದೆ ಸುಮ್ನೆ ನಿಂತೆವು, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದಿನ ಜನ ನೋಡಿ ದೋಸೆ ಆಸೆ ಬಿಟ್ಟೆವು. ಫುಟ್‌ಪಾತಿನಲ್ಲಿ ಬೈ-ಟು ಕಾಫಿ ಕುಡಿದೆವು. ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಹಳೇ ಮನೆಗಳ ಕಾಂಪೌಂಡಿನ ಮಾವಿನ ಮರ, ಕೆಂಪು ಗಾರೆ ನೆಲದ ಜಗಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿರೋದು ನೋಡಿದರೆ ಬೇಜಾರಾಗುತ್ತದೆ. ಇರುವಾಗಲೇ ಹೋಗಿ ನಡೆದಾಡಿ ಬನ್ನಿ.

ಮಿಕ್ಕ ಕಾಳನ್ನು ಅತ್ತಿಗೆ ಹೊರಡುವ ಮೊದಲೇ ನೆನೆಹಾಕಿದ್ದರು. ರಾತ್ರಿ ಎಲ್ಲರೂ ಬೋಗುಣಿ ಸುತ್ತ ಕೂತು ಹಿತಕೋಕೆ ಶುರು ಮಾಡಿದೆವು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಎಲ್ಲೆಲ್ಲೋ ಬೀಳುತ್ತದೆ. ಅಣ್ಣನ ಮಗಳಿಗೆ ಅದೇ ಆಟ. ಬೆಳಿಗ್ಗೆ ಹಿತಕಿದ ಬೇಳೆ ಸಾರು, ಅದಾದ ಮೇಲೆ ಮಲ್ಲೇಶ್ವರಂ ಅಂತ ಆಗಲೇ ತೀರ್ಮಾನ ಆಗಿತ್ತು.