ಸುಸ್ತು ಅಂದವರಿಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು

ನಾನು ಕ್ಯಾನ್ಸರ್ ವಿಭಾಗದ ಡೇ ಕೇರ್‌ನಲ್ಲಿ ನರ್ಸ್. ಡ್ರಿಪ್ ಹಾಕುತ್ತೇನೆ, ರಕ್ತದ ರಿಪೋರ್ಟ್ ನೋಡುತ್ತೇನೆ, ಮನೆಗೆ ಹೋದವರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ಸ್ತನ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಬಂದ ಮೇಲೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಬದಲಾಗಿದ್ದು ಆ ಫೋನ್ ಮಾತುಕತೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದನ್ನೇ ಮೊದಲು ಹೇಳಿಕೊಡುತ್ತೇನೆ.

ಈ ಚಿಕಿತ್ಸೆ ಎಲ್ಲರಿಗೂ ಅಲ್ಲ. "ನಮಗ್ಯಾಕೆ ಕೊಡ್ತಿಲ್ಲ?" ಎಂದು ಕೇಳುವವರು ಬಹಳ. ಹೆಚ್ಚಿನ ಸ್ತನ ಕ್ಯಾನ್ಸರ್‌ಗಳು ಹಾರ್ಮೋನಿನ ಬಲದಿಂದಲೋ ಹರ್2 ಎಂಬ ಪ್ರೋಟೀನಿನ ಬಲದಿಂದಲೋ ಬೆಳೆಯುತ್ತವೆ. ಅವುಗಳನ್ನು ತಡೆಯುವ ಔಷಧಿಗಳು ಬೇರೆ ಇವೆ. ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳನ್ನು ಹಿಡಿಯುವ ರಿಸೆಪ್ಟರ್ ಎರಡೂ ಇಲ್ಲ, ಹರ್2 ಕೂಡ ಇಲ್ಲ ಎಂದಾದರೆ ಅದು ಟ್ರಿಪಲ್ ನೆಗೆಟಿವ್. 100 ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 10ರಿಂದ 15 ಈ ಬಗೆಯವು. ಬೇಗ ಬೆಳೆಯುತ್ತದೆ, ಚಿಕ್ಕ ವಯಸ್ಸಿನವರಲ್ಲೂ ಬರುತ್ತದೆ. ಇಮ್ಯುನೊಥೆರಪಿ ಸದ್ಯಕ್ಕೆ ಮುಖ್ಯವಾಗಿ ಇವರಿಗೇ.

ಕೊಡುವ ಔಷಧಿ ಪೆಂಬ್ರೊಲಿಜುಮ್ಯಾಬ್. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕಣಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಟಿ ಕಣಗಳು ನಮ್ಮ ಮೈಯನ್ನೇ ಹೊಡೆಯದಿರಲಿ ಎಂದು ಇರುವ ಬ್ರೇಕ್ ಅದು. ಗಡ್ಡೆ ಅದನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಈ ಔಷಧಿ ಬ್ರೇಕ್ ಬಿಡಿಸುತ್ತದೆ. ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ತಾಸುಕು ಹೊಂಜೊ ಅವರ ತಂಡ. ಇಂಥದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಜೊತೆ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಗಡ್ಡೆ ಸ್ತನ ಮತ್ತು ಕಂಕುಳಿನ ಗಂಟುಗಳಲ್ಲೇ ಇದ್ದು, ಮರುಕಳಿಸುವ ಭಯ ಜಾಸ್ತಿ ಇದ್ದರೆ, ಆಪರೇಷನ್‌ಗೆ ಮುಂಚೆಯೇ ಕೀಮೋ ಜೊತೆ ಇದನ್ನು ಶುರು ಮಾಡುತ್ತಾರೆ. 3 ವಾರಕ್ಕೊಮ್ಮೆ, 8 ಸಲ. ಆಪರೇಷನ್ ಆದ ಮೇಲೆ ಮತ್ತೆ 9 ಸಲ. ಎಲ್ಲ ಸೇರಿ ಒಂದು ವರ್ಷ ದಾಟುತ್ತದೆ. "ಗಡ್ಡೆ ಮೊದಲು ತೆಗೆಯಬಾರದಾ?" ಎಂದು ಮನೆಯವರು ಚಡಪಡಿಸುತ್ತಾರೆ. ಗಡ್ಡೆ ಒಳಗಿದ್ದಾಗಲೇ ಬ್ರೇಕ್ ಬಿಟ್ಟರೆ ಟಿ ಕಣಗಳಿಗೆ ಅದನ್ನು ಗುರುತು ಹಿಡಿಯಲು ಹೆಚ್ಚು ಅವಕಾಶ ಸಿಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಕೀನೋಟ್-522 ಎಂಬ ಅಧ್ಯಯನದಲ್ಲಿ 1,174 ಜನರಿದ್ದರು. 5 ವರ್ಷದ ನಂತರ ಬದುಕಿದ್ದವರು ಈ ಔಷಧಿ ಪಡೆದವರಲ್ಲಿ ಶೇ. 86.6, ಬರೀ ಕೀಮೋ ಪಡೆದವರಲ್ಲಿ ಶೇ. 81.7. ಅಂತರ ಸಣ್ಣದು ಅನ್ನಿಸಬಹುದು. ಡ್ರಿಪ್ ಹಾಕಿಸಿಕೊಳ್ಳುತ್ತಾ ಕುರ್ಚಿಗಳಲ್ಲಿ ಕೂತವರ ಮುಖ ನೋಡಿರುವ ನನಗೆ ಸಣ್ಣದಲ್ಲ.

ಕಾಯಿಲೆ ಬೇರೆ ಕಡೆ ಹರಡಿದ್ದರೆ ಮಾತ್ರ ಪಿಡಿ-ಎಲ್1 ಟೆಸ್ಟ್ ಮುಖ್ಯ. ಪಿಡಿ-1 ಬ್ರೇಕ್ ಒತ್ತುವ ಪ್ರೋಟೀನ್ ಈ ಪಿಡಿ-ಎಲ್1. ಆ ಟೆಸ್ಟ್‌ನಲ್ಲಿ ಬರುವ ಸಿಪಿಎಸ್ ಎಂಬ ಅಂಕ 10 ಅಥವಾ ಜಾಸ್ತಿ ಇದ್ದರೆ ಕೀಮೋ ಜೊತೆ ಕೊಡುತ್ತಾರೆ. ಆರಂಭದ ಹಂತದವರಿಗೆ ಈ ಅಂಕ ಬೇಕಿಲ್ಲ. ಆದರೂ ರಿಪೋರ್ಟ್‌ನಲ್ಲಿ ಆ ಸಾಲು ಕಂಡು ಸುಮ್ನೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬರುವವರಿದ್ದಾರೆ. ಇದನ್ನು ಮೊದಲೇ ಹೇಳಿಬಿಡಬೇಕು.

ಇನ್ನು ಅಡ್ಡಪರಿಣಾಮ. ಕೀಮೋ ತೊಂದರೆಗಳು ಹೆಚ್ಚುಕಡಿಮೆ ದಿನ ಎಣಿಸಿ ಬರುತ್ತವೆ. ಬಿಳಿ ರಕ್ತಕಣ ಯಾವಾಗ ಇಳಿಯುತ್ತದೆ, ಕೂದಲು ಯಾವಾಗ ಉದುರುತ್ತದೆ ಎಂದು ಅಂದಾಜು ಹೇಳಬಹುದು. ಇಮ್ಯುನೊಥೆರಪಿಗೆ ಆ ಲೆಕ್ಕ ಇಲ್ಲ. ಮೊದಲ ಡೋಸ್ ಆದ ಕೂಡಲೇ ಬರಬಹುದು, ಕೊನೆಯ ಡೋಸ್ ಆಗಿ ತಿಂಗಳುಗಳ ನಂತರವೂ ಬರಬಹುದು. ಬ್ರೇಕ್ ಬಿಟ್ಟ ಟಿ ಕಣಗಳು ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರ್, ಚರ್ಮ, ಯಾವುದರ ಮೇಲಾದರೂ ಬೀಳಬಹುದು. ಅಪರೂಪಕ್ಕೆ ಹೃದಯದ ಮೇಲೂ. ಕಷ್ಟ ಏನೆಂದರೆ ಇವೆಲ್ಲ ಹೊರಗೆ ಕಾಣುವುದು ಸುಸ್ತು, ಭೇದಿ, ಕೆಮ್ಮು, ಗುಳ್ಳೆ ಎಂದೇ. ಕೇಳಿದವರಿಗೆ ಮಾಮೂಲಿ ಅನ್ನಿಸುತ್ತದೆ, ಅಲ್ವಾ?

ಒಬ್ಬರ ಮಗಳು ಫೋನಿನಲ್ಲಿ "ಅಮ್ಮ ಮಲಗೇ ಇರ್ತಾರೆ, ಊಟ ಸೇರಲ್ಲ, ಕೀಮೋ ಸುಸ್ತು ಇನ್ನೂ ಹೋಗಿಲ್ಲ" ಎಂದರು. ಕೀಮೋ ಮುಗಿದು ತಿಂಗಳುಗಳೇ ಆಗಿದ್ದವು. ಆಪರೇಷನ್ ನಂತರದ ಇಮ್ಯುನೊಥೆರಪಿ ಮಾತ್ರ ನಡೆಯುತ್ತಿತ್ತು. ಎದ್ದು ನಿಂತರೆ ತಲೆ ಸುತ್ತುತ್ತಾ ಎಂದು ಕೇಳಿದೆ. ಹೌದಂತೆ. ವಾಂತಿ? ಅದೂ ಇದೆ. ಅವತ್ತೇ ಕರೆಸಿದೆವು. ಬಿಪಿ ಇಳಿದಿತ್ತು, ಸೋಡಿಯಂ ಇಳಿದಿತ್ತು, ಬಿಪಿ ಇಳಿಯದಂತೆ ಹಿಡಿಯುವ ಕಾರ್ಟಿಸೋಲ್ ಎಂಬ ಹಾರ್ಮೋನು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೈ ಕಾರ್ಟಿಸೋಲ್ ತಯಾರಿಸುವುದನ್ನೇ ನಿಲ್ಲಿಸಿತ್ತು. ಹೈಡ್ರೊಕಾರ್ಟಿಸೋನ್ ಕೊಟ್ಟ ಮೇಲೆ ಬೇಗ ಚೇತರಿಸಿಕೊಂಡರು. ಈ ತೊಂದರೆ ಬಂದ ಹೆಚ್ಚಿನವರು ಆ ಮಾತ್ರೆಯನ್ನು ಬದುಕಿಡೀ ತೆಗೆದುಕೊಳ್ಳಬೇಕು. ಒಂದು ವಾರ "ರೆಸ್ಟ್ ಮಾಡಲಿ ಬಿಡಿ" ಎಂದು ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು.

ಭೇದಿಯೂ ಹಾಗೆಯೇ. ಕೀಮೋ ಭೇದಿಗೆ ಲೋಪೆರಮೈಡ್ ಸಾಕಾಗಬಹುದು. ಟಿ ಕಣಗಳು ಕರುಳನ್ನು ಕೆರಳಿಸಿದ್ದರೆ ಬೇಕಾಗುವುದು ಸ್ಟೆರಾಯ್ಡ್. ಭೇದಿ ನಿಲ್ಲಿಸುವ ಮಾತ್ರೆ ನುಂಗುತ್ತಾ ಕೂತರೆ ಒಳಗಿನ ಉರಿಯೂತ ಮುಚ್ಚಿಹೋಗುತ್ತದೆ. ಆದ್ದರಿಂದ "ಭೇದಿ ಇದೆಯಾ?" ಎಂದಷ್ಟೇ ಕೇಳಿದರೆ ಸಾಲದು. ಮಾಮೂಲಿಗಿಂತ ಎಷ್ಟು ಸಲ ಜಾಸ್ತಿ? ರಾತ್ರಿ ಎದ್ದು ಹೋಗ್ತೀರಾ? ರಕ್ತ, ಲೋಳೆ ಕಾಣಿಸ್ತಾ? ದಿನಕ್ಕೆ 4 ಸಲ ಜಾಸ್ತಿ ಎಂದ ಕೂಡಲೇ ನಾನು ಡಾಕ್ಟರಿಗೆ ತಿಳಿಸುತ್ತೇನೆ.

ಎಷ್ಟೋ ಜನ ಬೇಕೆಂದೇ ಮುಚ್ಚಿಡುತ್ತಾರೆ. ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಥೈರಾಯ್ಡ್ ಕಡಿಮೆಯಾದರೆ ಮಾತ್ರೆ ಕೊಟ್ಟು ಇಮ್ಯುನೊಥೆರಪಿ ಮುಂದುವರಿಸುವುದೇ ಹೆಚ್ಚು ಎಂದು ವಿವರಿಸಿದಾಗ ಅವರು ಬಾಯಿ ಬಿಡುತ್ತಾರೆ. ಸ್ಟೆರಾಯ್ಡ್ ಶುರುವಾದವರಿಗೆ ಇನ್ನೊಂದು ಮಾತು: ಎರಡೇ ದಿನಕ್ಕೆ ಹುಷಾರಾಯಿತು ಎಂದು ನೀವಾಗಿಯೇ ನಿಲ್ಲಿಸಬೇಡಿ. ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು.

ನಮ್ಮ ರೋಗಿಗಳಿಗೆ ಒಂದು ಕಾರ್ಡ್ ಕೊಡುತ್ತೇವೆ. ಯಾವ ಔಷಧಿ, ಕೊನೆಯ ಡೋಸ್ ಯಾವತ್ತು ಎಂದು ಅದರಲ್ಲಿ ಬರೆದಿರುತ್ತದೆ. ರಾತ್ರಿ ಎಮರ್ಜೆನ್ಸಿಯಲ್ಲಿ ನೋಡುವ ಡಾಕ್ಟರಿಗೆ "ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ" ಎಂದರೆ ಇದು ಇಮ್ಯುನೊಥೆರಪಿಯ ಅಡ್ಡಪರಿಣಾಮ ಇರಬಹುದು ಎಂದು ಹೊಳೆಯುವುದು ಕಷ್ಟ. ಚಿಕಿತ್ಸೆ ಮುಗಿದ ಮೇಲೂ ಕಾರ್ಡ್ ಪರ್ಸಿನಲ್ಲೇ ಇರಲಿ ಎನ್ನುತ್ತೇನೆ. ನಾವೂ ಫೋನ್ ನಿಲ್ಲಿಸುವುದಿಲ್ಲ. "ಈಗ ಆರಾಮಿದ್ದೀನಲ್ಲ, ಯಾಕೆ ಮಾಡ್ತೀರಿ?" ಎಂದು ಕೇಳಿದರೆ ಕಾರಣ ಹೇಳಿ, ತಲೆಸುತ್ತು, ಭೇದಿ, ಉಸಿರು, ಬಾಯಾರಿಕೆ ಎಂದು ಒಂದೊಂದೇ ವಿಚಾರಿಸುತ್ತೇವೆ.