ವಿಮಾನದ ಹೆಡ್‌ಸೆಟ್ ಮೈಕ್: ರಿಪೇರಿ ಮೇಜಿನ ಮೇಲೆ ನಾನು ತಪ್ಪಿದ ಎರಡು ಕಡೆ

ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಅಂಗಡಿಗೆ ರಿಪೇರಿಗೆ ಬರುವುದು ಜಾತ್ರೆಯ ಆಂಪ್ಲಿಫೈಯರ್, ಛತ್ರದ ಕಾರ್ಡ್‌ಲೆಸ್ ಮೈಕ್, ದೇವಸ್ಥಾನದ ಹಾರ್ನ್. ವಿಮಾನ ಹಾರಿಸುವುದನ್ನು ಕಲಿಯುತ್ತಿರುವ ನಮ್ಮೂರ ಹುಡುಗನೊಬ್ಬ ಹೆಡ್‌ಸೆಟ್ ತಂದಿಟ್ಟು, "ಅಣ್ಣಾ, ಕಿವಿಗೆಲ್ಲಾ ಚೆನ್ನಾಗಿ ಕೇಳ್ಸುತ್ತೆ. ನಾನು ಮಾತಾಡಿದ್ದು ಮಾತ್ರ ಒಂದ್ಸಲ ಹೋಗುತ್ತೆ, ಒಂದ್ಸಲ ಹೋಗಲ್ಲ" ಅಂದ. ಇದೂ ಒಂದು ಮೈಕೇ ತಾನೆ ಅಂದುಕೊಂಡೆ. ಪ್ಲಗ್ಗಿಗೆ ಮೊಸಳೆ ಕ್ಲಿಪ್ ಹಾಕಿ ಮಿಕ್ಸರಿಗೆ ಕೊಟ್ಟೆ. ಸದ್ದೇ ಇಲ್ಲ. ಮೈಕ್ ಸತ್ತಿದೆ ಎಂದು ಹೇಳಿ ಹೊಸದು ತರಿಸಿ ಹಾಕಿದೆ. ನಾಲ್ಕು ದಿನಕ್ಕೆ ಅದೇ ದೂರು ವಾಪಸ್ ಬಂತು. ಹುಡುಗನ ದುಡ್ಡು ವ್ಯರ್ಥವಾಯಿತು.

ವಿಮಾನದ ಹೆಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಲೆಕ್ಟ್ರೆಟ್ ಮೈಕ್, ಅದರ ಬೆನ್ನಿಗೇ ಪುಟ್ಟ ಆಂಪ್ಲಿಫೈಯರ್. ಹಳೆಯ ಕಾಲದ ಕಾರ್ಬನ್ ಮೈಕಿಗೆ ಹೊಂದುವಂತೆ ಮಾಡಿಟ್ಟ ಏರ್ಪಾಡು ಇದು. ಧ್ವನಿ ಹೋಗುವ ತಂತಿಯಲ್ಲೇ ವಿಮಾನದ ಕಡೆಯಿಂದ 8ರಿಂದ 16 ವೋಲ್ಟ್ ಡಿಸಿ ಬರಬೇಕು. ನಮ್ಮ ಮಿಕ್ಸರಿಗೆ ಹಾಕಿದರೆ ಒಳ್ಳೆಯ ಮೈಕೂ ಸತ್ತಂತೆಯೇ ಕಾಣುತ್ತದೆ. ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಮೈಕಿಗೆ ಕಳಿಸುವ ವಿದ್ಯುತ್) ಕೊಡಲು ಹೋಗಬೇಡಿ. ಅದರ ಜೋಡಣೆಯೇ ಬೇರೆ, ಮೈಕ್ ಸುಟ್ಟೀತು.

ಪರೀಕ್ಷೆಗೆ ಬೇಕಾದ ಸಾಮಾನು ಎಲ್ಲ ಅಂಗಡಿಯಲ್ಲೂ ಇರುತ್ತದೆ. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಮೈಕ್ ಪ್ಲಗ್ಗಿನ ತುದಿ ಟಿಪ್, ನಡುವಿನ ಉಂಗುರ ರಿಂಗ್, ಬುಡದ ಭಾಗ ಸ್ಲೀವ್. ಬ್ಯಾಟರಿಯ ಪ್ಲಸ್ ರೆಸಿಸ್ಟರ್ ಮೂಲಕ ರಿಂಗಿಗೆ, ಮೈನಸ್ ಸ್ಲೀವಿಗೆ. ಕೆಪಾಸಿಟರ್ ಮೂಲಕ ರಿಂಗಿನಿಂದ ಆಂಪ್ಲಿಫೈಯರಿನ ಲೈನ್ ಇನ್‌ಪುಟ್‌ಗೆ. ಕೆಪಾಸಿಟರಿನ ಪ್ಲಸ್ ಕಾಲು ರಿಂಗಿನ ಕಡೆಗಿರಲಿ. ಈಗ ರಿಂಗ್ ಮತ್ತು ಸ್ಲೀವ್ ನಡುವೆ ವೋಲ್ಟೇಜ್ ಅಳೆಯಿರಿ. ಪೂರ್ತಿ 12 ತೋರಿಸಿದರೆ ತಂತಿ ಎಲ್ಲೋ ತುಂಡಾಗಿದೆ. ಸೊನ್ನೆಗೆ ಬಿದ್ದರೆ ಶಾರ್ಟ್. ನಡುವೆ ಎಲ್ಲೋ ಸ್ಥಿರವಾಗಿ ನಿಂತರೆ ಮೈಕಿನೊಳಗೆ ಕರೆಂಟ್ ಹರಿಯುತ್ತಿದೆ ಎಂದರ್ಥ. ಇದಕ್ಕೆ ಮುಳ್ಳಿನ ಮೀಟರೇ ಬೇಕು. ಡಿಜಿಟಲ್ ಮೀಟರ್ ಅಂಕಿ ಬದಲಿಸುವಷ್ಟರಲ್ಲಿ ಕ್ಷಣಮಾತ್ರದ ಲೂಸ್ ಕಾಂಟ್ಯಾಕ್ಟ್ ತಪ್ಪಿಸಿಕೊಂಡಿರುತ್ತದೆ.

ಎರಡನೇ ಸಲ ಹೀಗೆ ಮಾಡಿದಾಗ ಮುಳ್ಳು 7ರ ಹತ್ತಿರ ನಿಂತಿತು. ಬೂಮ್ (ಮೈಕ್ ಹಿಡಿದಿರುವ ಕಡ್ಡಿ) ತಿರುಗಿಸಿದೆ, ಕದಲಲಿಲ್ಲ. ಕೇಬಲ್ ಕಿವಿಯ ಬಟ್ಟಲಿಗೆ ಹೊಕ್ಕುವ ಕಡೆ ಮಡಿಸಿದೆ, ಕದಲಲಿಲ್ಲ. ಪ್ಲಗ್ಗಿನ ರಬ್ಬರ್ ಕತ್ತನ್ನು ಬೆರಳಲ್ಲಿ ಸ್ವಲ್ಪ ಬಾಗಿಸಿದ್ದೇ ತಡ, 12ಕ್ಕೆ ಹಾರಿತು. ಕೇಬಲ್ ಹಿಡಿದು ಎಳೆದು ಬಿಚ್ಚುವವರ ಹೆಡ್‌ಸೆಟ್ ಹೋಗುವುದೇ ಇಲ್ಲಿ. ಮೊದಲ ದಿನವೇ ಐದು ನಿಮಿಷ ಕೊಟ್ಟಿದ್ದರೆ ಸಿಗುತ್ತಿತ್ತು.

ಮೂರು ಇಂಚು ಕತ್ತರಿಸಿ ಪ್ಲಗ್ಗನ್ನು ಮತ್ತೆ ಬೆಸೆದೆ. ಈ ಕೇಬಲ್‌ಗಳಲ್ಲಿ ಬಹಳಷ್ಟು ಟಿನ್ಸೆಲ್ ತಂತಿಯವು: ನೂಲಿನ ಮೇಲೆ ತಾಮ್ರದ ತೆಳುಪಟ್ಟಿ ಸುತ್ತಿರುತ್ತದೆ. ಕಾವು ಹೆಚ್ಚಾದರೆ ನೂಲು ಸುಟ್ಟು ಎಳೆ ಉದುರುತ್ತದೆ. ಬಣ್ಣ ನಂಬಿ ಬೆಸೆಯಬಾರದು, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಬಿಚ್ಚುವ ಮೊದಲೇ ಯಾವುದು ಎಲ್ಲಿಗೆ ಎಂದು ಮೀಟರಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ರಿಂಗ್, ಸ್ಲೀವ್ ಎರಡೂ ಸರಿಯಿತ್ತು, ಧ್ವನಿ ಗಂಟೆಯಂತೆ ಬಂತು. ಕೊಟ್ಟು ಕಳಿಸಿದೆ. ಟಿಪ್ ನೋಡಲಿಲ್ಲ, ಹೆಡ್‌ಸೆಟ್‌ನ ಯಾವ ತಂತಿಯೂ ಅಲ್ಲಿಗೆ ಹೋಗುವುದಿಲ್ಲವಲ್ಲ ಎಂಬ ಸಮಾಧಾನ.

ಟಿಪ್ ಇರುವುದು ಪಿಟಿಟಿಗೆ, ಅಂದರೆ ಮಾತಾಡುವಾಗ ಪೈಲಟ್ ಒತ್ತುವ ಬಟನ್‌ಗೆ. ಟಿಪ್ ಸ್ಲೀವಿಗೆ ತಾಗಿದರೆ ರೇಡಿಯೋ ಪ್ರಸಾರ ಶುರುಮಾಡುತ್ತದೆ. ನನ್ನ ಬೆಸುಗೆಯ ಕೂದಲೆಳೆಯಷ್ಟು ಮುಳ್ಳೊಂದು ಆ ಎರಡರ ನಡುವೆ ಕೂತಿತ್ತು. ಎಂಜಿನ್ ಚಾಲೂ ಮಾಡುವ ಮುಂಚೆ ರೇಡಿಯೋ ಹಾಕಿದಾಗ, ಯಾರೂ ಬಟನ್ ಒತ್ತದಿದ್ದರೂ ರೇಡಿಯೋದ ಟಿಎಕ್ಸ್ (ಪ್ರಸಾರ) ಗುರುತು ಆರಲೇ ಇಲ್ಲ. ಇನ್‌ಸ್ಟ್ರಕ್ಟರ್ ಗಮನಿಸಿ ಪ್ಲಗ್ ಕಿತ್ತರು, ಆರಿತು. ಹುಡುಗ ಅಲ್ಲಿಂದಲೇ ಫೋನ್ ಮಾಡಿದ. ಕೇಳುತ್ತಾ ಕೇಳುತ್ತಾ ಕೈ ತಣ್ಣಗಾಯಿತು. ಟವರಿನ ಒಂದೇ ಫ್ರೀಕ್ವೆನ್ಸಿಯಲ್ಲಿ ಸುತ್ತಲಿನ ಎಲ್ಲ ವಿಮಾನಗಳೂ ಇರುತ್ತವೆ. ಒಂದು ಮೈಕ್ ತೆರೆದೇ ಉಳಿದರೆ ಮಿಕ್ಕವರ ಮಾತು ಮುಚ್ಚಿಹೋಗುತ್ತದೆ. ಪ್ರಸಾರದಲ್ಲಿರುವ ರೇಡಿಯೋ ಏನನ್ನೂ ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ, ತಪ್ಪು ತನ್ನದೇ ಎಂದು ಆ ಪೈಲಟ್‌ಗೆ ಹೇಳುವವರೂ ಇರುವುದಿಲ್ಲ. ಈಗ ಕವಚ ಮುಚ್ಚಿದ ಮೇಲೆ ಟಿಪ್–ಸ್ಲೀವ್, ಟಿಪ್–ರಿಂಗ್ ಎರಡನ್ನೂ ಮೀಟರಿನ ಬೀಪ್ ಹಾಕಿ, ಕೇಬಲ್ ಬಾಗಿಸುತ್ತಲೇ ನೋಡುತ್ತೇನೆ. ಎರಡೂ ಮೌನವಾಗಿರಬೇಕು.

ಕಲಿಯುವವರು ಅಂಗಡಿಗೆ ತರುವ ಮೊದಲು ನೋಡಬೇಕಾದ್ದೂ ಇದೆ. ಎರಡು ಪ್ಲಗ್‌ಗಳಲ್ಲಿ ಸಣ್ಣದು, 5.23 ಮಿ.ಮೀ. ದಪ್ಪದ್ದು, ಮೈಕಿನದು, 6.35ರದು ಕಿವಿಗೆ. ಸಣ್ಣದು ಅರ್ಧ ಕೂತಿದ್ದರೂ ಕಿವಿಗೆ ಎಲ್ಲಾ ಕೇಳುತ್ತಿರುತ್ತದೆ, ಅದಕ್ಕೇ ಅನುಮಾನ ಬರುವುದಿಲ್ಲ. ಇನ್ನೊಂದು ಸೀಟಿನ ಜಾಕಿಗೆ ಹಾಕಿ ನೋಡಿ: ದೋಷ ಹೆಡ್‌ಸೆಟ್ ಜೊತೆ ಬಂತೋ, ಸೀಟಿನಲ್ಲೇ ಉಳಿಯಿತೋ? ಸೀಟಿನಲ್ಲೇ ಉಳಿದರೆ ಲಾಗ್‌ನಲ್ಲಿ ಬರೆಯಿರಿ, ವಿಮಾನದ ಜಾಕನ್ನು ನೀವು ಬಿಚ್ಚಬೇಡಿ; ಅದು ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ. ಇಂಟರ್‌ಕಾಮ್‌ನಲ್ಲಿ (ವಿಮಾನದೊಳಗಿನವರು ಪರಸ್ಪರ ಮಾತಾಡುವ ಏರ್ಪಾಡು) ಮಾತು ಸರಿಯಿದ್ದು ಟವರಿಗೆ ಮಾತ್ರ ಹೋಗದಿದ್ದರೆ ಪಿಟಿಟಿ ಕಡೆ ನೋಡಿ. ಮಾತಿನ ಮೊದಲ ಅಕ್ಷರ ಮಾತ್ರ ನುಂಗಿಹೋಗುತ್ತಿದ್ದರೆ ಇಂಟರ್‌ಕಾಮ್‌ನ ಸ್ಕ್ವೆಲ್ಚ್ (ಸಣ್ಣ ಸದ್ದನ್ನು ತಡೆಯುವ ಗುಬುಟು) ಬಿಗಿಯಾಗಿದೆ, ಸಡಿಲಿಸಿ.

ಮೈಕ್ ತುಟಿಯ ಅಂಚಿಗೆ 3ರಿಂದ 6 ಮಿ.ಮೀ. ದೂರದಲ್ಲಿರಲಿ, ಗುರುತಿನ ಮುಖ ತುಟಿಯ ಕಡೆಗೆ. ಅದರ ಎರಡೂ ಬದಿಗೆ ರಂಧ್ರಗಳಿವೆ. ಎರಡಕ್ಕೂ ಸಮನಾಗಿ ಬಿದ್ದ ಸದ್ದನ್ನು ಅದು ಕಳೆದುಬಿಡುತ್ತದೆ. ಎಂಜಿನ್ ಸದ್ದು ಹೋಗುವುದು ಹಾಗೆ, ಮೈಕ್ ಗಲ್ಲದ ಕೆಳಗಿದ್ದರೆ ನಿಮ್ಮ ಮಾತು ಹೋಗುವುದೂ ಹಾಗೆಯೇ. ಫೋಮ್ ಎಂಜಲಿಂದ ನೆನೆದಿದ್ದರೆ ಬದಲಿಸಿ. ಪ್ಲಗ್ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಬೇಡ, ಲೇಪನ ಕಿತ್ತು ಒಂದೇ ಮಳೆಗಾಲಕ್ಕೆ ಇನ್ನಷ್ಟು ಕಪ್ಪಾಗುತ್ತದೆ.